ಹಾನ್ಲೆ ಡಾರ್ಕ್ ಸ್ಕೈ ರಿಸರ್ವ್

ಲಡಾಖಿನ ಚಾಂಗ್‌ಥಾಂಗ್ ವನ್ಯಜೀವಿಧಾಮದೊಳಗೆ, ರಾತ್ರಿಯ ಕತ್ತಲನ್ನು ಕಾಪಾಡಲೆಂದೇ 2022ರ ಡಿಸೆಂಬರಿನಲ್ಲಿ ಅಧಿಸೂಚಿಸಿದ ಪ್ರದೇಶ. ದೇಶದಲ್ಲಿ ಇಂಥದ್ದು ಇದೇ ಮೊದಲು. ಇದರ ಬೇರು ಬೆಂಗಳೂರಿನಲ್ಲಿದೆ. ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯ ನಡೆಸುತ್ತಿದೆ. ಅಲ್ಲಿನ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ.

ಮಳೆನೆರಳಿನ ಶೀತ ಮರುಭೂಮಿಯಾದ್ದರಿಂದ ಗಾಳಿ ಒಣಗಿರುತ್ತದೆ, ಮೋಡ ಕಡಿಮೆ. ಅಮಾವಾಸ್ಯೆಯ ಆಸುಪಾಸು ಹೋದರೆ ಆಕಾಶಗಂಗೆ ಬರಿಗಣ್ಣಿಗೇ ದಟ್ಟವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ ಮೇಲಿರುವ ಧ್ರುವ ನಕ್ಷತ್ರ ಇಲ್ಲಿ 33 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ನಮ್ಮಲ್ಲಿ ಚಳಿಗಾಲದ ರಾತ್ರಿ ಸಲೀಸಾಗಿ ಸಿಗುವ ಅಗಸ್ತ್ಯ ನಕ್ಷತ್ರವಾದರೋ ಬೆಟ್ಟಸಾಲಿಗೆ ಅಂಟಿಕೊಳ್ಳುವಷ್ಟು ತಗ್ಗು.

ಗಡಿ ಪ್ರದೇಶವಾದ್ದರಿಂದ ಪರವಾನಗಿ ಬೇಕು. ಪ್ರಾಣವಾಯು ವಿರಳ; ಲೇಹ್‌ನಲ್ಲಿ ಕೆಲವು ದಿನ ತಂಗಿ ಮೈ ಒಗ್ಗಿಸಿಕೊಳ್ಳದೆ ಹೊರಡುವುದು ಅಪಾಯ. ಹಳ್ಳಿಯವರಿಗೇ ತರಬೇತಿಯನ್ನೂ ದೂರದರ್ಶಕಗಳನ್ನೂ ಕೊಟ್ಟಿರುವುದು ಈ ಯೋಜನೆಯ ಅತ್ಯುತ್ತಮ ಅಂಶ: ಮನೆಯ ಕಿಟಕಿಗೆ ದಪ್ಪ ಪರದೆ ಎಳೆಯುವವರೇ ಅತಿಥಿಗಳಿಗೆ ಶನಿಯ ಬಳೆ ತೋರಿಸುತ್ತಾರೆ. ಪ್ರವಾಸಿಗರೂ ವಾಹನದ ಹೆಡ್‌ಲೈಟ್ ತಗ್ಗಿಸಬೇಕು, ಮೊಬೈಲ್ ಟಾರ್ಚ್ ಬದಲು ಮಂದ ಕೆಂಪು ದೀಪ ಬಳಸಬೇಕು. ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ.