ಪಿ.ಜಿ. ಸೇರಲಿಕ್ಕೆ ಏನು ಬೇಕು, ಮುಗಿಸಲಿಕ್ಕೆ ಏನು ಬೇಕು? ವಿಜಯಪುರ, ತಿಕೋಟಾ, ಬಬಲೇಶ್ವರದವರಿಗೆ ಪೂರ್ತಿ ಮಾಹಿತಿ

ವಿಜಯಪುರ: ಡಿಗ್ರಿ ಆರನೇ ಸೆಮಿಸ್ಟರ್ ಫಲಿತಾಂಶ ಬಂದರೆ ಸಾಕು, ಸೈಬರ್ ಸೆಂಟರ್ ಮತ್ತು ಝೆರಾಕ್ಸ್ ಅಂಗಡಿಗಳ ಮುಂದೆ ಪಿ.ಜಿ. ಅರ್ಜಿ ಹಾಕುವವರ ಪಾಳಿ ಹತ್ತುತ್ತದೆ. ತಿಕೋಟಾ, ಬಬಲೇಶ್ವರ ಕಡೆಯ ಮನೆಗಳಲ್ಲೂ "ಡಿಗ್ರಿ ಆತು, ಮುಂದೇನು?" ಎಂಬ ಮಾತು ಶುರುವಾಗುತ್ತದೆ. ಕಿರಾಣಿ ಅಂಗಡಿ ನಡೆಸುವ ಅಪ್ಪನಿಗೆ ಇದು ಎರಡು ವರ್ಷದ ಖರ್ಚಿನ ಲೆಕ್ಕ. ಮಗಳಿಗೆ ಮದುವೆ ಮಾತಿಗಿಂತ ಮುಂಚೆ ಸಿಗಬಹುದಾದ ಎರಡು ವರ್ಷ.

ಅಡ್ಮಿಷನ್ ಸಿಕ್ಕರೆ ಎಲ್ಲಾ ಆಯ್ತು ಎಂದುಕೊಳ್ಳುವವರು ಬಹಳ. ಆದರೆ ಪಿ.ಜಿ. ಪಾಸಾಗುವುದು ಬೇರೆ, ಆ ಪಿ.ಜಿ. ಮುಂದೆ ನೌಕರಿಗೆ ಉಪಯೋಗಕ್ಕೆ ಬರುವುದು ಬೇರೆ. ಇವೆರಡರ ನಡುವೆ ಶೇ 55ರ ಒಂದು ಗೆರೆ ಇದೆ. ಆ ಗೆರೆ ಎರಡನೇ ವರ್ಷದ ಕೊನೆಗೆ ಗೊತ್ತಾದರೆ ಪ್ರಯೋಜನವಿಲ್ಲ, ಫೀ ತುಂಬುವ ಮೊದಲೇ ಗೊತ್ತಿರಬೇಕು.

ಹತ್ತಿರದಲ್ಲಿ ಎಲ್ಲಿದೆ?

ಮಹಿಳೆಯರಿಗೆ ಮನೆ ಬಾಗಿಲಲ್ಲೇ ವಿಶ್ವವಿದ್ಯಾಲಯ ಇದೆ. ತೊರವಿಯ ಜ್ಞಾನಶಕ್ತಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಶುರುವಾಯಿತು, 2017ರಲ್ಲಿ ಅಕ್ಕಮಹಾದೇವಿ ಹೆಸರು ಬಂತು. ಇಲ್ಲಿ ಪ್ರವೇಶ ಮಹಿಳೆಯರಿಗಷ್ಟೇ. ತಿಕೋಟಾದಿಂದ ಅಥಣಿ ರಸ್ತೆ ಹಿಡಿದು ನಗರಕ್ಕೆ ಬರುವವರಿಗೆ ಊರು ಮುಟ್ಟುವ ಮೊದಲೇ ತೊರವಿ ಸಿಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣವೂ ಉಚಿತ. ಹಾಗಾಗಿ ಹಾಸ್ಟೆಲ್ ಇಲ್ಲದೆ ಊರಿಂದಲೇ ಓಡಾಡಿ ಓದಲು ಆಗುತ್ತದೆ.

ಜಿಲ್ಲೆಯ ಸಾಮಾನ್ಯ ಡಿಗ್ರಿ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಅದಕ್ಕೂ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ರಾಣಿ ಚನ್ನಮ್ಮ ವಿ.ವಿ.ಯ ಡಾ. ಫ.ಗು. ಹಳಕಟ್ಟಿ ಸ್ನಾತಕೋತ್ತರ ಕೇಂದ್ರ ವಿಜಯಪುರದಲ್ಲೇ ಇದೆ. ಇಲ್ಲಿ ಹುಡುಗರಿಗೂ ಅವಕಾಶ ಇದೆ. ಮನೆ, ಅಂಗಡಿ ಬಿಟ್ಟು ದಿನಾ ಕ್ಲಾಸಿಗೆ ಹೋಗಲು ಆಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮೂರನೇ ದಾರಿ.

ಯಾರು ಅರ್ಹರು?

ಮೊದಲ ಷರತ್ತು ಮಾನ್ಯತೆ ಇರುವ ವಿ.ವಿ.ಯ ಡಿಗ್ರಿ. ಎರಡನೆಯದು ವಿಷಯ. ಹೆಚ್ಚಿನವರು ಎಡವುವುದು ಈ ಎರಡನೆಯದರಲ್ಲಿ.

ಎಂ.ಕಾಂ.ಗೆ ಬಿ.ಕಾಂ. ಅಥವಾ ಬಿಬಿಎ ಆಗಿರಬೇಕು. ಎಂ.ಎಸ್‌ಸಿ.ಗೆ ಅದೇ ವಿಷಯವನ್ನು ಡಿಗ್ರಿಯಲ್ಲಿ ಮುಖ್ಯ ವಿಷಯವಾಗಿ ಓದಿರಬೇಕು. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಇಲ್ಲದವರಿಗೆ ಎಷ್ಟೇ ಅಂಕ ಇದ್ದರೂ ರಸಾಯನಶಾಸ್ತ್ರ ಎಂ.ಎಸ್‌ಸಿ. ಸಿಗುವುದಿಲ್ಲ. ಎಂ.ಎಸ್.ಡಬ್ಲ್ಯೂ., ಗ್ರಂಥಾಲಯ ವಿಜ್ಞಾನದಂಥ ಕೋರ್ಸುಗಳಿಗೆ ಸಾಮಾನ್ಯವಾಗಿ ಯಾವುದೇ ಡಿಗ್ರಿ ನಡೆಯುತ್ತದೆ. ಎಂ.ಎಡ್.ಗೆ ಬಿ.ಎಡ್., ಎಂ.ಪಿ.ಎಡ್.ಗೆ ಬಿ.ಪಿ.ಎಡ್. ಬೇಕು. ಎಂ.ಎ. ವಿಷಯಗಳ ಷರತ್ತು ವಿ.ವಿ.ಯಿಂದ ವಿ.ವಿ.ಗೆ ಬದಲಾಗುತ್ತದೆ. ಆಯಾ ವರ್ಷದ ಪ್ರವೇಶ ಅಧಿಸೂಚನೆಯಲ್ಲಿ ತನ್ನ ವಿಷಯದ ಸಾಲನ್ನು ಹುಡುಕಿ ಓದಲೇಬೇಕು.

ಮೂರನೆಯದು ಬ್ಯಾಕ್ ಪೇಪರ್. ಕೊನೆಯ ಸೆಮಿಸ್ಟರ್ ಫಲಿತಾಂಶ ಬಾಕಿ ಇದ್ದವರು ಅರ್ಜಿ ಹಾಕಲು ಅವಕಾಶ ಇರುತ್ತದೆ. ಆದರೆ ಸೀಟು ಪಕ್ಕಾ ಆಗುವ ಹೊತ್ತಿಗೆ ಎಲ್ಲ ಸೆಮಿಸ್ಟರ್ ಪಾಸಾದ ಅಂಕಪಟ್ಟಿ ತೋರಿಸಬೇಕು. ಎರಡನೇ ಸೆಮಿಸ್ಟರ್‌ನ ಒಂದೇ ಪೇಪರ್ ಉಳಿದಿದ್ದರೂ ಆ ವರ್ಷ ಕೈ ಬಿಟ್ಟಂತೆ.

ಎಂಬಿಎ, ಎಂಸಿಎ ದಾರಿ ಬೇರೆ

ಎಂಬಿಎ, ಎಂಸಿಎ, ಎಂ.ಟೆಕ್. ಸರ್ಕಾರಿ ಕೋಟಾದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆಯಬೇಕು. ಎಂಬಿಎಗೆ ಯಾವುದೇ ಡಿಗ್ರಿಯಲ್ಲಿ ಶೇ 50 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇ 45 ಸಾಕು. ಎಂಸಿಎಗೆ ಪಿಯುಸಿಯಲ್ಲಾಗಲಿ ಡಿಗ್ರಿಯಲ್ಲಾಗಲಿ ಗಣಿತ ಓದಿದ್ದೀರಾ ಎಂದು ಕೇಳುತ್ತಾರೆ. ಪಿಯುಸಿಯಲ್ಲಿ ಗಣಿತ ಬಿಟ್ಟವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಕಾಗದಪತ್ರ

ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಟಿ.ಸಿ., ಆಧಾರ್, ಫೋಟೊ. ಮೀಸಲಾತಿ ಬೇಕಾದವರಿಗೆ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅರ್ಜಿ ಕೊನೆಯ ದಿನದ ಹಿಂದಿನ ದಿನ ನಾಡಕಚೇರಿಗೆ ಓಡಿದರೆ ಆಗುವ ಕೆಲಸ ಇದಲ್ಲ. ಡಿಗ್ರಿ ಪರೀಕ್ಷೆ ನಡೆಯುವಾಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರಿನ ತಕರಾರು ದೊಡ್ಡದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಮನೆತನದ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು ಇದ್ದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಅರ್ಜಿ ಸಿಕ್ಕಿಕೊಳ್ಳುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ವಿದ್ಯಾರ್ಥಿವೇತನ ಮಂಜೂರಾದರೂ ಖಾತೆಗೆ ಬೀಳುವುದಿಲ್ಲ.

ಜತ್ತ, ಸೊಲ್ಲಾಪುರ ಕಡೆಯ ಕಾಲೇಜುಗಳಲ್ಲಿ ಡಿಗ್ರಿ ಮಾಡಿದ ಗಡಿ ಭಾಗದವರು ಇನ್ನೂ ಎರಡು ಕಾಗದ ಹೊಂದಿಸಬೇಕು. ಒಂದು, ಓದಿದ ವಿ.ವಿ.ಯಿಂದ ಮೈಗ್ರೇಷನ್ ಪ್ರಮಾಣಪತ್ರ. ಇನ್ನೊಂದು, ಸೇರುವ ವಿ.ವಿ.ಯಿಂದ ಅರ್ಹತಾ ಪ್ರಮಾಣಪತ್ರ.

371ಜೆ ನಮಗೆ ಬರುತ್ತದೆಯೇ?

ಜಿಲ್ಲೆಯಲ್ಲಿ ಓಡಾಡುವ ಬಸ್ಸುಗಳ ಮೇಲೆ ಕಲ್ಯಾಣ ಕರ್ನಾಟಕ ಎಂದು ಬರೆದಿದೆ. ಅದನ್ನು ನೋಡಿ ಕಲಬುರಗಿ ಕಡೆ ಅರ್ಜಿ ಹಾಕುವಾಗ 371ಜೆ ಕಾಲಂಗೆ ಟಿಕ್ ಹಾಕುವವರಿದ್ದಾರೆ. ಹಾಕಬಾರದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮಾತ್ರ ಆ ಸೌಲಭ್ಯ. ವಿಜಯಪುರ ಜಿಲ್ಲೆ ಅದರಲ್ಲಿಲ್ಲ, ಇದು ಬೆಳಗಾವಿ ವಿಭಾಗಕ್ಕೆ ಸೇರಿದ್ದು. ತಂದೆ ಅಥವಾ ತಾಯಿ ಆ ಜಿಲ್ಲೆಗಳವರಾಗಿದ್ದರೆ ಅಲ್ಲಿನ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಬಹುದು.

ಸೀಟು ಬಿಟ್ಟರೆ ಫೀ ವಾಪಸ್ ಬರುತ್ತದಾ?

ಒಂದು ಕಡೆ ಫೀ ತುಂಬಿದ ಮೇಲೆ ಇನ್ನೊಂದು ಕಡೆ ಒಳ್ಳೆ ಸೀಟು ಸಿಗುವುದು ಪ್ರತಿ ವರ್ಷದ ಕತೆ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಲೆಕ್ಕ ಹೀಗಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಸೀಟು ಬಿಟ್ಟರೆ ಸ್ವಲ್ಪ ಸಂಸ್ಕರಣಾ ಶುಲ್ಕ ಹಿಡಿದು ಉಳಿದದ್ದೆಲ್ಲ ವಾಪಸ್. ಆ 15 ದಿನದೊಳಗೆ ಬಿಟ್ಟರೆ ಶೇ 90. ಕೊನೆಯ ದಿನ ಮುಗಿದ ಮೇಲೆ 15 ದಿನದೊಳಗೆ ಶೇ 80, 16ರಿಂದ 30 ದಿನದೊಳಗೆ ಶೇ 50. ಅದು ದಾಟಿದರೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಹೆಚ್ಚು ಸಡಿಲಿಕೆ ಕೊಟ್ಟದ್ದೂ ಇದೆ. ಸೀಟು ಬಿಡುವ ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿ ಮಾತಿನಲ್ಲಿ ಹೇಳಿ ಬಂದರೆ ದಿನಾಂಕಕ್ಕೆ ಪುರಾವೆ ಇರುವುದಿಲ್ಲ.

ಅದೇ ಅಧಿಸೂಚನೆಯಲ್ಲಿ ಇನ್ನೊಂದು ಮಾತಿದೆ. ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ವೇಳೆ ಮೂಲ ದಾಖಲೆ ನೋಡಿ, ತಾಳೆ ಮಾಡಿ ಅಲ್ಲೇ ವಾಪಸ್ ಕೊಡಬೇಕು.

ಮೂರು ವರ್ಷ, ನಾಲ್ಕು ವರ್ಷದ ಗೊಂದಲ

ರಾಜ್ಯದಲ್ಲಿ 2021-22ರಿಂದ ಎನ್‌ಇಪಿ ಪ್ರಕಾರ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ನಡುವಿನ ಬ್ಯಾಚುಗಳಲ್ಲಿ ಮೂರು ವರ್ಷಕ್ಕೆ ನಿಲ್ಲಿಸಿದವರಿಗೆ ಪಿ.ಜಿ. ಎರಡು ವರ್ಷ. ನಾಲ್ಕನೇ ವರ್ಷ ಆನರ್ಸ್ ಮುಗಿಸಿದವರಿಗೆ ಒಂದು ವರ್ಷದ ಪಿ.ಜಿ.ಗೆ ಯುಜಿಸಿಯ 2024ರ ಚೌಕಟ್ಟಿನಲ್ಲಿ ಅವಕಾಶ ಇದೆ. ಎರಡು ವರ್ಷದ ಪಿ.ಜಿ.ಗೆ 80 ಕ್ರೆಡಿಟ್, ಒಂದು ವರ್ಷದ್ದಕ್ಕೆ 40 ಎಂದು ಆ ಚೌಕಟ್ಟು ಹೇಳುತ್ತದೆ. ಆದರೆ ಸೇರಬೇಕೆಂದಿರುವ ವಿಭಾಗ ಒಂದು ವರ್ಷದ ಕೋರ್ಸ್ ನಡೆಸುತ್ತಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ವಿಭಾಗದಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಮುಗಿಸಲಿಕ್ಕೆ ಏನು ಬೇಕು?

ಒಂದು, ಹಾಜರಿ. ಸಾಮಾನ್ಯವಾಗಿ ಶೇ 75 ಇರಲೇಬೇಕು. ಕಡಿಮೆ ಆದರೆ ಹಾಲ್ ಟಿಕೆಟ್ ಸಿಗುವುದಿಲ್ಲ. ದ್ರಾಕ್ಷಿ ಕಟಾವು, ಹಬ್ಬದ ವ್ಯಾಪಾರ ಎಂದು ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುವವರು ಮೊದಲು ಸಿಕ್ಕಿಕೊಳ್ಳುವುದು ಇಲ್ಲೇ.

ಎರಡು, ಆಂತರಿಕ ಅಂಕ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್ ಸೇರಿ ಬರುವ ಅಂಕ ಇದು. ಸೆಮಿಸ್ಟರ್ ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಕಳೆದುಕೊಂಡ ಆಂತರಿಕ ಅಂಕ ಸುಲಭಕ್ಕೆ ತಿರುಗಿ ಬರುವುದಿಲ್ಲ.

ಮೂರು, ಪಾಸಿನ ಅಂಕ. ಪ್ರತಿ ಪೇಪರಿನ ಲಿಖಿತ ಪರೀಕ್ಷೆಗೆ ಬೇರೆ ಕನಿಷ್ಠ ಅಂಕ, ಒಟ್ಟು ಸರಾಸರಿಗೆ ಬೇರೆ ಕನಿಷ್ಠ ಅಂಕ ಇರುತ್ತದೆ. ಎರಡನ್ನೂ ಮುಟ್ಟಬೇಕು.

ನಾಲ್ಕು, ಪ್ರಾಜೆಕ್ಟ್ ಅಥವಾ ಪ್ರಬಂಧ. ಬಹಳಷ್ಟು ಕೋರ್ಸುಗಳಲ್ಲಿ ಕೊನೆಯ ಸೆಮಿಸ್ಟರ್‌ನಲ್ಲಿ ಬರುತ್ತದೆ. ಮಾರ್ಗದರ್ಶಕರ ಸಹಿ, ಮೌಖಿಕ ಪರೀಕ್ಷೆ ಇಲ್ಲದೆ ಫಲಿತಾಂಶ ಬರುವುದಿಲ್ಲ.

ಐದು, ಕಾಲಮಿತಿ. ಕೋರ್ಸಿನ ಅವಧಿಯ ಮೇಲೆ ಎರಡು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ ಕೊಡಬಹುದು ಎಂದು ಯುಜಿಸಿ 2015ರ ಮಾರ್ಗಸೂಚಿ ಹೇಳುತ್ತದೆ. ವಿ.ವಿ.ಗಳಿಗೆ ತಮ್ಮದೇ ನಿಯಮವೂ ಇರುತ್ತದೆ. ಒಂದು ಪೇಪರ್ ಉಳಿಸಿಕೊಂಡು ಮದುವೆಯಾಗಿ ಹೋದವರು, ಅಂಗಡಿಗೆ ಕೂತವರು "ಯಾವಾಗಾದ್ರೂ ಬರೀತೀನಿ" ಅಂತ ಬಿಟ್ಟರೆ ಎರಡು ವರ್ಷದ ಓದೇ ಲೆಕ್ಕಕ್ಕೆ ಬರದಂತಾಗಬಹುದು.

ಶೇ 55ರ ಗೆರೆ

ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ಕೆಸೆಟ್, ನೆಟ್ ಎರಡಕ್ಕೂ ಪಿ.ಜಿ.ಯಲ್ಲಿ ಶೇ 55 ಬೇಕು. ಮೀಸಲು ವರ್ಗದವರಿಗೆ, ಅಂಗವಿಕಲರಿಗೆ ಶೇ 50. ಪಿಯು ಉಪನ್ಯಾಸಕ ಹುದ್ದೆಗೂ ಶೇ 55ರ ಷರತ್ತಿದೆ, ಮೇಲೆ ಬಿ.ಎಡ್. ಕೂಡ ಆಗಿರಬೇಕು. ನೆಟ್‌ನಲ್ಲಿ 54.9 ಇದ್ದರೆ ಅದನ್ನು 55 ಎಂದು ಹಿಡಿಯುವುದಿಲ್ಲ. ನೆಟ್‌ಗೆ ಕೇಂದ್ರದ ಒಬಿಸಿ ಪಟ್ಟಿ, ಕೆಸೆಟ್‌ಗೆ ರಾಜ್ಯದ ಪಟ್ಟಿ. ರಾಜ್ಯದ ಪ್ರಮಾಣಪತ್ರ ಇದೆ ಅಂದ ಮಾತ್ರಕ್ಕೆ ನೆಟ್‌ನಲ್ಲಿ ಸಡಿಲಿಕೆ ಸಿಗುತ್ತದೆ ಎಂದು ತಿಳಿಯಬಾರದು.

ಹಾಗಾಗಿ ಮೊದಲ ಸೆಮಿಸ್ಟರ್ ಅಂಕಪಟ್ಟಿ ಕೈಗೆ ಬಂದ ದಿನವೇ ಲೆಕ್ಕ ಹಾಕಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಶೇ 48 ಬಂದರೆ, ಉಳಿದ ಮೂರರಲ್ಲಿ ಸರಾಸರಿ 57ರ ಮೇಲೆ ಬಂದರೆ ಮಾತ್ರ ಒಟ್ಟು 55 ದಾಟುತ್ತದೆ. ಪಾಸಾದೆ ಎಂದು ಪೇಡೆ ಹಂಚಿ ಸುಮ್ಮನಾದರೆ ಆ ಅಂತರ ತುಂಬುವುದು ಕಷ್ಟ.

ಅಂಗಡಿ ಬಿಡಲಾಗದವರಿಗೆ

ಮಾನ್ಯತೆ ಇರುವ ದೂರಶಿಕ್ಷಣದ ಪಿ.ಜಿ. ರೆಗ್ಯುಲರ್ ಪಿ.ಜಿ.ಗೆ ಸಮಾನ ಎಂದು ಯುಜಿಸಿಯ 2020ರ ನಿಯಮ ಹೇಳುತ್ತದೆ. ಆದರೆ ಸೇರುವ ವರ್ಷ, ಸೇರುವ ಕೋರ್ಸ್ ಎರಡಕ್ಕೂ ಮಾನ್ಯತೆ ಇರಬೇಕು. ಮುಕ್ತ ವಿ.ವಿ.ಯ ಮಾನ್ಯತೆಯನ್ನೇ ಯುಜಿಸಿ 2015ರಲ್ಲಿ ಹಿಂಪಡೆದಾಗ ರಾಜ್ಯದ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು. 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು. ಯುಜಿಸಿ ದೂರಶಿಕ್ಷಣ ಮಂಡಳಿಯ ವೆಬ್‌ಸೈಟ್‌ನಲ್ಲಿ ಆಯಾ ವರ್ಷದ ಪಟ್ಟಿ ಇರುತ್ತದೆ. ಐದು ನಿಮಿಷದ ಕೆಲಸ, ನೋಡಿಯೇ ಫೀ ತುಂಬಬೇಕು.

"ಎರಡು ವರ್ಷದ್ದು ಒಂದೇ ವರ್ಷದಾಗ ಮಾಡಿಸಿ ಕೊಡ್ತೀವಿ, ಪರೀಕ್ಷೆಗೂ ಬರೋದು ಬ್ಯಾಡ" ಎನ್ನುವ ಏಜೆಂಟರಿಂದ ದೂರ ಇರಬೇಕು. ದೂರಶಿಕ್ಷಣ ಕೇಂದ್ರಗಳನ್ನು ಫ್ರಾಂಚೈಸಿ ಕೊಟ್ಟು ನಡೆಸುವಂತಿಲ್ಲ. ಹೊರರಾಜ್ಯದ ಖಾಸಗಿ ವಿ.ವಿ. ಹೆಸರಿನ ಬೋರ್ಡ್ ಇಲ್ಲಿನ ಕಾಂಪ್ಲೆಕ್ಸಿನಲ್ಲಿ ಕಂಡರೆ ಸಂಶಯ ಪಡಲೇಬೇಕು. ಅಂಥ ಕಾಗದ ನೌಕರಿಯ ದಾಖಲೆ ಪರಿಶೀಲನೆಯಲ್ಲಿ ಬಿದ್ದರೆ ಹಣದ ಜೊತೆ ನೌಕರಿಯೂ ಹೋಗುತ್ತದೆ, ಮೇಲೆ ಕೇಸು ಬೀಳುತ್ತದೆ.

ಫೀ ತುಂಬುವ ಮೊದಲು ಕೇಳಬೇಕಾದ ಪ್ರಶ್ನೆಗಳು

- ಈ ಪಿ.ಜಿ.ಗೆ ನನ್ನ ಡಿಗ್ರಿಯ ವಿಷಯ ನಡೆಯುತ್ತದೆಯೇ? ಅಧಿಸೂಚನೆಯ ಯಾವ ಪುಟದಲ್ಲಿದೆ?
- ಈ ವರ್ಷಕ್ಕೆ ಈ ಕೋರ್ಸಿಗೆ ಮಾನ್ಯತೆ ಇದೆಯೇ?
- ಪೇಪರಿಗೆ ಕನಿಷ್ಠ ಎಷ್ಟು, ಒಟ್ಟು ಎಷ್ಟು ಬಂದರೆ ಪಾಸ್?
- ಉಳಿದ ಪೇಪರ್ ಬರೆಯಲು ಎಷ್ಟು ವರ್ಷದವರೆಗೆ ಅವಕಾಶ?
- ಫೀಗೆ ವಿ.ವಿ. ಹೆಸರಿನ ರಸೀದಿ ಕೊಡುತ್ತಾರೆಯೇ?

ಫಲಿತಾಂಶ ಬಂದ ಮೇಲೂ ಸ್ವಲ್ಪ ಕೆಲಸ ಉಳಿದಿರುತ್ತದೆ. ಬಾಕಿ ಫೀ, ಗ್ರಂಥಾಲಯದ ಪುಸ್ತಕ ಮುಗಿಸಿ ಎನ್‌ಒಸಿ ತಂದು ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಘಟಿಕೋತ್ಸವಕ್ಕೆ ಬೇರೆ ಅರ್ಜಿ ಇರುತ್ತದೆ. ಅಂಕಪಟ್ಟಿ, ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿ ಬಂದಿವೆಯೇ ಎಂದು ನೋಡಿ, ಹೆಸರಿನ ಅಕ್ಷರ ತಪ್ಪಿದ್ದರೆ ಆಗಲೇ ತಿದ್ದಿಸಬೇಕು. ನೌಕರಿ ಅರ್ಜಿಯ ಕೊನೆಯ ವಾರದಲ್ಲಿ ತಿದ್ದುಪಡಿಗೆ ಬೆಳಗಾವಿಗೆ ಓಡುವುದಕ್ಕಿಂತ, ಓದು ಮುಗಿದ ತಿಂಗಳಲ್ಲೇ ಹೋಗಿ ಬರುವುದು ಕಡಿಮೆ ಖರ್ಚಿನದ್ದು.