ಗುಡಿ ಮತ್ತು ಗುಡಿಸಲು

ಹಾಸನದಿಂದ ಬೆಂಗಳೂರಿನ ಹಾದಿ ಹಿಡಿದು ಪೂರ್ವಕ್ಕೆ ಹೊರಟವರಿಗೆ ಕೆಲವೇ ಮೈಲಿಗಳಲ್ಲಿ ಶಾಂತಿಗ್ರಾಮ ಎದುರಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ಹೆಸರೇ ಈ ಊರಿಗೆ ಬಂದಿತೆಂದು ಹೇಳುವುದು ರೂಢಿ. ಊರಿನೊಳಗೆ ಹಳೆಯ ನರಸಿಂಹನ ಗುಡಿಯಿದೆ. ಇತಿಹಾಸವನ್ನು ಅರಸಿ ಬಂದವರು ನೇರವಾಗಿ ಆ ಗುಡಿಗೆ ಹೋಗುತ್ತಾರೆ; ಕಂಬವನ್ನು ನೋಡುತ್ತಾರೆ, ಶಾಸನವನ್ನು ಕೇಳುತ್ತಾರೆ. ಹಾಗೆ ಮಾಡುವುದು ಸರಿಯೇ. ಆದರೆ ನಾನು ಇಂದು ಹೇಳಹೊರಟಿರುವುದು ಊರಾಚೆಯ ತೆಂಗಿನ ತೋಟಗಳಲ್ಲಿಯೂ ರಾಗಿಯ ಹೊಲಗಳಲ್ಲಿಯೂ ಇದ್ದ ಇನ್ನೊಂದು ಕಟ್ಟಡದ ವಿಚಾರ. ಅದಕ್ಕೆ ಶಾಸನವಿಲ್ಲ, ಶಿಲ್ಪಿಯ ಹೆಸರಿಲ್ಲ. ಅದು ತೋಟದ ಗುಡಿಸಲು.

ಗುಡಿ, ಗುಡಿಸಲು ಎಂಬ ಎರಡು ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಸಾಕು, ಅವು ಒಂದೇ ಬೇರಿನಿಂದ ಒಡೆದ ಚಿಗುರುಗಳೆಂದು ತಿಳಿಯುತ್ತದೆ. ತಮಿಳಿನ ಕುಡಿ, ಕುಡಿಸೈ, ತೆಲುಗಿನ ಗುಡಿ, ಗುಡಿಸೆ, ಇವೆಲ್ಲವೂ ಇದೇ ಬಳಗಕ್ಕೆ ಸೇರಿದವು. ದೇವರ ಮನೆಗೂ ಕಾವಲುಗಾರನ ಗೂಡಿಗೂ ನಮ್ಮ ಹಿರಿಯರು ಬೇರೆ ಬೇರೆ ಧಾತುಗಳನ್ನು ಹುಡುಕಲಿಲ್ಲ. ಮಾತು ಉಳಿಸಿಕೊಂಡಿರುವ ಈ ನೆಂಟಸ್ತಿಕೆಯನ್ನು ಕಲ್ಲೂ ಉಳಿಸಿಕೊಂಡಿದೆ. ಮಹಾಬಲಿಪುರದಲ್ಲಿ ಪಲ್ಲವರು 7ನೆಯ ಶತಮಾನದಲ್ಲಿ ಒಂದೇ ಬಂಡೆಯಿಂದ ಕಡೆದ ದ್ರೌಪದೀ ರಥವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದು ಹುಲ್ಲು ಹೊದೆಸಿದ ಗುಡಿಸಲೇ ಸರಿ; ನಾಲ್ಕು ಮೂಲೆಗಳಿಂದ ಬಾಗಿ ಮೇಲೇರಿದ ಮಾಡು, ಕೆಳಗೊಂದು ಪುಟ್ಟ ಬಾಗಿಲು, ಒಳಗೆ ದುರ್ಗೆ. ಐಹೊಳೆಯ ಲಾಡಖಾನ ಗುಡಿಯ ಮಾಡಿನ ಮೇಲೆ ಚಪ್ಪಡಿಗಳ ಸಂದುಗಳನ್ನು ಮುಚ್ಚಲು ಉದ್ದನೆಯ ಕಲ್ಲಿನ ಪಟ್ಟಿಗಳನ್ನಿಟ್ಟಿದ್ದಾರೆ. ಅವು ಮರದ ದಬ್ಬೆಗಳ ನೆನಪು. ಬೇಲೂರು ಹಳೇಬೀಡುಗಳಲ್ಲಿ ಗೋಡೆಯಿಂದ ಮುಂಚಾಚಿ ಕೆಳಕ್ಕೆ ಬಾಗಿರುವ ಲೋವೆಯೂ ಹಾಗೆಯೇ. ಮಳೆನೀರು ಗೋಡೆಗೆ ತಾಗದಿರಲೆಂದು ಹುಲ್ಲಿನ ಮಾಡನ್ನು ಮುಂದಕ್ಕೆ ಇಳಿಸಿದ ರೈತನ ಉಪಾಯವನ್ನೇ ಶಿಲ್ಪಿ ಅಲಂಕಾರವಾಗಿ ಮಾಡಿಕೊಂಡಿದ್ದಾನೆ.

ಗುಡಿಸಲನ್ನು ಕಟ್ಟುವುದಕ್ಕೆ ಒಂದು ಶಾಸ್ತ್ರವಿತ್ತು. ಅದು ಕೈಯಿಂದ ಕೈಗೆ ಬಂದ ಶಾಸ್ತ್ರ. ನಮ್ಮ ಸೀಮೆಯಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಆದಕಾರಣ ಬಾಗಿಲು ಮೂಡಣಕ್ಕೆ. ಬಾವಿಗೆ ಹತ್ತಿರವಾದ, ಆದರೆ ನೀರು ನಿಲ್ಲದ ದಿಣ್ಣೆಯೇ ನೆಲೆ. ಕಂಬಗಳ ಬುಡವನ್ನು ಬೆಂಕಿಯಲ್ಲಿ ಕರಿಯಾಗುವಂತೆ ಸುಟ್ಟು ಹೂಳಿದರೆ ಗೆದ್ದಲು ಬೇಗ ಹಿಡಿಯದು. ಮಾಡು ಕಡಿದಾಗಿರಬೇಕು; ಇಳಿಜಾರು ಕಡಮೆಯಾದರೆ ನೀರು ಗರಿಯ ಮೇಲೆ ನಿಂತು ಒಳಗಿಳಿಯುತ್ತದೆ. ಹೆಣೆದ ತೆಂಗಿನ ಗರಿಯನ್ನು ಸೂರಿನಿಂದ ಆರಂಭಿಸಿ ನೆತ್ತಿಯ ಕಡೆಗೆ ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಕಟ್ಟುತ್ತಾರೆ. ಮೀನಿನ ಮೈಯ ಹುರುಪೆಯಂತೆ. ಕಟ್ಟುವುದು ಕತ್ತಾಳೆಯ ನಾರಿನಿಂದ. ಮೊಳೆಯ ಮಾತೇ ಇಲ್ಲ. ರಾಗಿಯ ಹುಲ್ಲನ್ನು ಮಾಡಿಗೆ ಹಾಕುವುದಿಲ್ಲ, ಅದು ದನದ ಪಾಲು. ಗೋಡೆಯೆಂದರೆ ಬಿದಿರಿನ ತಡಿಕೆ, ಅದರ ಮೇಲೆ ಹುಲ್ಲು ಕಲಸಿದ ಮಣ್ಣು. ಒಳಗೆ ಒಲೆ ಉರಿದರೆ ಅನ್ನವೂ ಬೇಯುತ್ತದೆ, ಹೊಗೆ ಹಿಡಿದು ಮಾಡಿನ ಹುಳುವೂ ಸಾಯುತ್ತದೆ.

ಈ ಶಾಸ್ತ್ರ ಎಷ್ಟು ಹಳೆಯದೆಂಬುದಕ್ಕೆ ವಾಲ್ಮೀಕಿಯೇ ಸಾಕ್ಷಿ. ಅರಣ್ಯಕಾಂಡದಲ್ಲಿ ಲಕ್ಷ್ಮಣನು ಪಂಚವಟಿಯಲ್ಲಿ ಪರ್ಣಶಾಲೆಯನ್ನು ಕಟ್ಟುವ ಸಂದರ್ಭವನ್ನು ಮತ್ತೊಮ್ಮೆ ಓದಿ ನೋಡಬೇಕು. ಮಣ್ಣನ್ನು ಒತ್ತಿ ಕೂಡಿಸುವುದು, ಗಟ್ಟಿ ಕಂಬ, ಉದ್ದನೆಯ ಬಿದಿರು, ಮೇಲೆ ಶಮಿಯ ಕೊಂಬೆಗಳು, ಬಿಗಿಯಾದ ಕಟ್ಟು, ಹೊದಿಕೆಗೆ ದರ್ಭೆ, ಜೊಂಡು, ಎಲೆ, ಹೀಗೆ ಕವಿ ಒಂದೊಂದನ್ನೂ ಹೆಸರಿಸುತ್ತಾನೆ. ಗುಡಿಸಲನ್ನು ಕಟ್ಟಿದವರ ಪಕ್ಕದಲ್ಲಿ ನಿಂತು ನೋಡಿದವನಿಗೆ ಮಾತ್ರ ಸಾಧ್ಯವಾಗುವ ವರ್ಣನೆ ಅದು. ಕಟ್ಟಡ ಮುಗಿದ ಮೇಲೆ ಲಕ್ಷ್ಮಣನು ಗೋದಾವರಿಯಲ್ಲಿ ಮಿಂದು, ತಾವರೆಗಳನ್ನು ತಂದು, ಹೂವಿನ ಬಲಿಯನ್ನರ್ಪಿಸಿ, ಆಮೇಲೆ ಅಣ್ಣನಿಗೆ ಮನೆಯನ್ನು ತೋರಿಸುತ್ತಾನೆ. ರಾಮನು ತಮ್ಮನನ್ನು ಬಿಗಿದಪ್ಪಿ, ನೀನಿರುವಾಗ ನಮ್ಮ ತಂದೆ ಸತ್ತಿಲ್ಲವೆಂಬ ಅರ್ಥದ ಮಾತನ್ನಾಡುತ್ತಾನೆ. ಅಯೋಧ್ಯೆಯ ಅರಮನೆಯನ್ನು ಬಿಟ್ಟುಬಂದವನು ಒಂದು ಎಲೆಮನೆಯ ಮುಂದೆ ಆಡಿದ ಮಾತಿದು.

ಆ ಹೂವಿನ ಬಲಿಯೇ ನಮ್ಮ ವಿಷಯದ ತಿರುಳು. ಒಂದೆರಡು ವರ್ಷಕ್ಕೆ ಹೊದಿಕೆ ಬದಲಾಗುವ, ಸುಗ್ಗಿ ಮುಗಿದರೆ ಕಿತ್ತುಹಾಕಲೂಬಹುದಾದ ಮನೆಯನ್ನು ಮನುಷ್ಯ ಸಿಂಗರಿಸುವುದೇಕೆ? ಹೊಲದ ಗುಡಿಸಲಿನ ಗೋಡೆಗೆ ಸಗಣಿ ಸಾರಿಸಿ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಬಾಗಿಲ ನೆತ್ತಿಗೆ ತುಂಬಿದ ತೆನೆಯ ಗೊಂಚಲು. ಅದು ಸಿಂಗಾರವೂ ಹೌದು, ಗುಬ್ಬಚ್ಚಿಯ ಪಾಲೂ ಹೌದು. ಅಂಗಳದಲ್ಲಿ ಚೆಂಡುಹೂವು. ಕಣ ಮಾಡಿದ ದಿನ ಸಗಣಿಯ ಬೆನಕನಿಗೆ ಗರಿಕೆಯ ಮುಡಿ. ಇದರಲ್ಲಿ ಯಾವುದಕ್ಕೂ ಕಾಸಿನ ಖರ್ಚಿಲ್ಲ. ಯಾರೂ ನೋಡಲು ಬರುವುದೂ ಇಲ್ಲ.

ಪಶ್ಚಿಮದವರೂ ಗುಡಿಸಲನ್ನು ಕುರಿತು ಯೋಚಿಸಿದ್ದಾರೆ. 1753ರಲ್ಲಿ ಫ್ರಾನ್ಸಿನ ಲೋಜಿಯೇ ಎಂಬ ಪಾದ್ರಿ, ನಾಲ್ಕು ಮರದ ಕಾಂಡಗಳ ಮೇಲೆ ಕೊಂಬೆಗಳ ಮಾಡನ್ನಿಟ್ಟ ಆದಿಮಾನವನ ಗುಡಿಸಲೇ ವಾಸ್ತುಶಿಲ್ಪದ ಎಲ್ಲ ವೈಭವಕ್ಕೂ ಮೂಲವೆಂದು ಗ್ರಂಥವನ್ನೇ ಬರೆದ. ಅದಾಗಿ ಮೂವತ್ತು ವರ್ಷಕ್ಕೆ, 1783ರಲ್ಲಿ, ಅದೇ ದೇಶದ ರಾಣಿ ಮೇರಿ ಅಂತ್ವಾನೆತ್ ವರ್ಸೇಲ್ಸಿನ ಉದ್ಯಾನದಲ್ಲಿ ತನ್ನ ವಿನೋದಕ್ಕಾಗಿ ಒಂದು ಹಳ್ಳಿಯನ್ನು ಕಟ್ಟಿಸಲು ತೊಡಗಿದಳು. ಹುಲ್ಲಿನ ಮಾಡಿನ ಮನೆಗಳು, ಹಾಲಿನ ಕೊಟ್ಟಿಗೆ, ಕೊಳ. ಹೊಸ ಗೋಡೆಗಳು ಹಳೆಯವೆಂದು ತೋರಲೆಂದು ಅವುಗಳ ಮೇಲೆ ಬಿರುಕುಗಳನ್ನು ಬಣ್ಣದಲ್ಲಿ ಬರೆಸಿದ್ದರು. ಬಡವ ತನ್ನ ಗೋಡೆಯ ಬಿರುಕನ್ನು ಕೆಮ್ಮಣ್ಣಿನಿಂದ ಮುಚ್ಚಿದರೆ ರಾಣಿ ಬಿರುಕನ್ನು ಬರೆಸುತ್ತಾಳೆ. ಎರಡೂ ಅಲಂಕಾರವೇ, ಆದರೆ ಒಂದು ಮರ್ಯಾದೆಯ ಮಾತು, ಇನ್ನೊಂದು ಆಟ. ಆರೇ ವರ್ಷಗಳಲ್ಲಿ ಕ್ರಾಂತಿಯ ಗಾಳಿ ಬೀಸಿತು, ಆ ಆಟ ಮುಗಿಯಿತು.

ರಾಣಿಯನ್ನು ಕಂಡು ನಗುವ ಮೊದಲು ನಾವು ನಮ್ಮ ಕಡೆಗೂ ಒಮ್ಮೆ ತಿರುಗಿ ನೋಡಿಕೊಳ್ಳಬೇಕು. ಸಾಹಿತ್ಯ ಓದಿದವರು ನಾವು. ಹೊಲದ ಕಾವಲೆಂದರೆ ನಮಗೆ ನೆನಪಾಗುವುದು ಗಿಳಿ ಸೋವುವ ಹೆಣ್ಣುಗಳು. ಹಳಗನ್ನಡದ ಚಂಪೂಗಳಲ್ಲಿ ಅವರು ಮತ್ತೆ ಮತ್ತೆ ಬರುತ್ತಾರೆ. ಕಾಳಿದಾಸನ ರಘುವಂಶದ ನಾಲ್ಕನೆಯ ಸರ್ಗದಲ್ಲಿ ಬತ್ತದ ಗದ್ದೆ ಕಾಯುವ ಹೆಂಗಸರು ಕಬ್ಬಿನ ನೆರಳಿನಲ್ಲಿ ಕುಳಿತು ರಘುವಿನ ಕೀರ್ತಿಯನ್ನು ಹಾಡುತ್ತಾರೆ. ತಮಿಳು ನಾಡಿನ ವಳ್ಳಿ ನವಣೆಯ ಹೊಲದ ಅಟ್ಟಣೆಯ ಮೇಲೆ ಕುಳಿತು ಕವಣೆ ಬೀಸುತ್ತಿದ್ದಾಗಲೇ ಸುಬ್ರಹ್ಮಣ್ಯನ ಕಣ್ಣಿಗೆ ಬಿದ್ದಳು. ಸೊಗಸಾದ ಚಿತ್ರಗಳು. ಆದರೆ ಕಾಳಿದಾಸನ ಆ ಹೆಂಗಸರಿಗೆ ಕಬ್ಬಿನ ನೆರಳಲ್ಲದೆ ಬೇರೆ ಸೂರು ಇರಲಿಲ್ಲವೆಂಬುದು ನಾನು ಅನೇಕ ವರ್ಷ ಪಾಠ ಹೇಳಿದ ಮೇಲೆ ಹೊಳೆದ ಸಂಗತಿ.

ಇದು ಹೊಳೆಯುವುದಕ್ಕೆ ಕಾರಣವೂ ಒಂದಿದೆ. ನಾನು ಹುಡುಗನಾಗಿದ್ದಾಗ ನಮ್ಮ ತೋಟದಲ್ಲಿಯೂ ಒಂದು ಗುಡಿಸಲಿತ್ತು. ಅದನ್ನು ಕಟ್ಟಿ, ಸಾರಿಸಿ, ಸುಣ್ಣದ ಗೆರೆ ಎಳೆದು ಕಾಯುತ್ತಿದ್ದವನ ಜೊತೆಯಲ್ಲಿ ಬೇಸಗೆಯ ರಾತ್ರಿಗಳಲ್ಲಿ ಮಲಗುವುದೆಂದರೆ ನನಗೆ ಹಬ್ಬ. ನಕ್ಷತ್ರಗಳ ಹೆಸರನ್ನು ನಾನು ಕಲಿತದ್ದು ಅಲ್ಲಿ. ಅವನು ನಮ್ಮ ಮನೆಯ ಸಾಲಕ್ಕೆ ದುಡಿಯುತ್ತಿದ್ದನೆಂದೂ, ಆ ಸಾಲ ಅವನ ತಂದೆಯದೆಂದೂ ನನಗೆ ತಿಳಿದದ್ದು 1976ರಲ್ಲಿ ಜೀತಪದ್ಧತಿಯನ್ನು ನಿರ್ಮೂಲ ಮಾಡುವ ಕಾಯಿದೆ ಬಂದು, ಅವನು ಒಂದು ಬೆಳಿಗ್ಗೆ ಕಂಬಳಿ ಹೊದ್ದು ಹೊರಟುಹೋದಾಗ. ಮನೆಯವರು ಅವನನ್ನು ಕೃತಘ್ನನೆಂದರು. ನಾನೂ ಸುಮ್ಮನಿದ್ದೆ. ಮರುವರ್ಷ ಮಾಡು ಸೋರಿತು. ಮೂರನೆಯ ವರ್ಷಕ್ಕೆ ಗೋಡೆ ಕರಗಿತು. ಆ ಗೆರೆಗಳನ್ನು ಅವನು ಎಳೆದದ್ದು ನಮ್ಮ ತೋಟದ ಅಂದಕ್ಕಲ್ಲ ಎಂಬುದು ನನಗೆ ಆಗ ಅರ್ಥವಾಗಲಿಲ್ಲ. ನೆಲ ಅವನದಲ್ಲ, ಮರ ಅವನದಲ್ಲ, ಅವನ ದುಡಿಮೆಯೂ ಅವನದಲ್ಲ. ಆ ಒಂದು ಗೋಡೆಯ ಮೇಲಿನ ಬಿಳಿಯ ಗೆರೆ ಮಾತ್ರ ಅವನು ಯಾರ ಅಪ್ಪಣೆಯೂ ಇಲ್ಲದೆ ಎಳೆದದ್ದು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಉಳುವವನಿಗೆ ನೆಲವನ್ನು ಕೊಡಹೊರಟಿತು. ನೆಲ ತನ್ನದಾದವನು ಗರಿಯನ್ನು ತೆಗೆದು ಹಂಚು ಹಾಕಿದ, ಆಮೇಲೆ ತಗಡು, ಸಿಮೆಂಟಿನ ಶೀಟು. ಇದನ್ನು ಕಂಡು ನಾವು ಮರುಗುವುದು ನ್ಯಾಯವಲ್ಲ. ಪ್ರತಿ ಮಳೆಗಾಲಕ್ಕೂ ಸೂರನ್ನು ಹೊಸದಾಗಿ ಕಟ್ಟಬೇಕಾದವನ ಬೆನ್ನುನೋವು ನಮ್ಮದಲ್ಲ. ಹೆದ್ದಾರಿಯ ಬದಿಯ ವಿಹಾರಧಾಮಗಳಲ್ಲಿ ಇಂದು ಹುಲ್ಲಿನ ಮಾಡಿನ ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಡುತ್ತಾರೆ; ಒಳಗೆ ತಂಪು ಯಂತ್ರ, ಹೊರಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಬಿಳಿಯ ಚಿತ್ತಾರ. ವರ್ಸೇಲ್ಸಿನ ರಾಣಿ ಬಂದರೆ ಅಲ್ಲಿ ಸಂತೋಷವಾಗಿ ಇಳಿದುಕೊಂಡಾಳು. ಚಿತ್ತಾರದಲ್ಲಿ ಕೊರತೆಯೇನೂ ಇಲ್ಲ. ಅದನ್ನು ಬರೆದ ಕೈಯೊಂದಿತ್ತೆಂಬ ನೆನಪಿನ ಕೊರತೆ ಮಾತ್ರ ಇದೆ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಶ್ರವಣಬೆಳಗೊಳದಲ್ಲಿ ಶಾಂತಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ್ದು 1123ರಲ್ಲಿ. ಅವಳು ಶಿವಗಂಗೆಯಲ್ಲಿ ತೀರಿಕೊಂಡದ್ದು 1131ರಲ್ಲಿ. ಇಷ್ಟು ಖಚಿತವಾಗಿ ನಾವು ಹೇಳಬಲ್ಲೆವು, ಏಕೆಂದರೆ ಕಲ್ಲು ಉಳಿದಿದೆ. ಅದೇ ಶತಮಾನದಲ್ಲಿಯೇ ಬಸವಣ್ಣನವರು ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲವೆಂದರು. ಆ ಮಾತನ್ನು ಕಟ್ಟಡಗಳಿಗೆ ಅನ್ವಯಿಸುವುದಾದರೆ, ವರ್ಷ ವರ್ಷವೂ ಅಳಿದು ವರ್ಷ ವರ್ಷವೂ ಹುಟ್ಟುತ್ತ ಬಂದ ಗುಡಿಸಲೇ ಜಂಗಮ. ಶಾಂತಲೆಯ ಕಾಲದಲ್ಲಿಯೂ ಶಾಂತಿಗ್ರಾಮದ ಹೊಲಗಳಲ್ಲಿ ಯಾರೋ ಒಬ್ಬ ಮೂಡಣಕ್ಕೆ ಬಾಗಿಲಿಟ್ಟು ಗುಡಿಸಲು ಕಟ್ಟಿರಬೇಕು. ಗುಡಿಯ ಲೋವೆಯ ಕೆಳಗೆ ನಿಂತು ಮೇಲೆ ನೋಡುವವರು, ಕಲ್ಲಿನ ಆ ಬಾಗಿನಲ್ಲಿ ಅವನ ಮಾಡಿನ ಬಾಗನ್ನೂ ಕಂಡರೆ, ಅವನಿಗೆ ಸಲ್ಲಬೇಕಾದ ಶಾಸನವನ್ನು ಓದಿದಂತಾಗುತ್ತದೆ.