ನೆಂಟರ ಊರಿನಲ್ಲಿರುವ ನಿಧಿ

ಮದುವೆ, ಗೃಹಪ್ರವೇಶಗಳ ನಿಮಿತ್ತ ಮೂಡುಬಿದಿರೆಯ ಬಂಧುಗಳ ಮನೆಗೆ ಬರುವವರು ಸಾವಿರ ಕಂಬದ ಬಸದಿಯಲ್ಲಿ ಭಗವಾನ್ ಶ್ರೀ ಚಂದ್ರನಾಥ ಸ್ವಾಮಿಯ ದರ್ಶನ ಪಡೆದು, ಊಟ ಮುಗಿಸಿ ಹಿಂದಿರುಗುವುದೇ ವಾಡಿಕೆ. ಕ್ರಿ.ಶ. 1430ರಲ್ಲಿ ನಿರ್ಮಿತವಾದ ಆ ‘ತ್ರಿಭುವನ ತಿಲಕ ಚೂಡಾಮಣಿ’ಯ ವೈಭವವು ಎಂಥವರ ಕಣ್ಣನ್ನಾದರೂ ಸೆಳೆಯುವಂಥದು. ಆದರೆ 18 ಬಸದಿಗಳುಳ್ಳ ಈ ಪುಟ್ಟ ಪಟ್ಟಣದ ಹಿರಿಮೆ ಅಷ್ಟಕ್ಕೇ ಮುಗಿಯದು.

ಭಗವಾನ್ ಶ್ರೀ ಪಾರ್ಶ್ವನಾಥ ಸ್ವಾಮಿಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರೂ ಉಂಟು. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದುದು ಇಲ್ಲಿಯೇ. ಕರಾವಳಿಯ ಮಳೆಗೋ ಗೆದ್ದಲಿಗೋ ಆ ಗರಿಗಳು ತುತ್ತಾಗಿದ್ದರೆ ಸಮಾಜಕ್ಕಾಗುತ್ತಿದ್ದ ನಷ್ಟವನ್ನು ಯಾವ ಸಂಪತ್ತೂ ತುಂಬಲಾರದು. ಹೆಸರನ್ನೂ ಬಯಸದೆ ಅವುಗಳನ್ನು ಕಾಯ್ದ ಪೂರ್ವಿಕರ ದೆಸೆಯಿಂದಲೇ ಪ್ರತಿಗಳು ಸಿದ್ಧವಾಗಿ, 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಗ್ರಂಥವು 16 ಸಂಪುಟಗಳಾಗಿ ಬೆಳಕು ಕಂಡಿತು.

ಬಸದಿ ಕಟ್ಟಿಸುವುದು ಪುಣ್ಯ. ಕಟ್ಟಿಸಿದ್ದನ್ನು ಕಾಯುವುದು ಅದಕ್ಕಿಂತ ಕಿರಿದಾದ ಪುಣ್ಯವಲ್ಲ. ನೆಂಟರ ಮನೆಗೆ ಹೋದವರು ಒಂದು ದಿನ ಹೆಚ್ಚು ತಂಗಿ, ಮಕ್ಕಳ ಕೈಹಿಡಿದು ಈ ಬಸದಿಗಳನ್ನು ತೋರಿಸಲಿ. ತಿಳಿದವರು ಮಾತ್ರ ಕಾಯಬಲ್ಲರು.